ನನ್ನ ಹೆಂಡತಿಯ ದನಿಯನ್ನು ಅಪ್‌ಗ್ರೇಡ್ ಮಾಡಬೇಡಿ

ಆಪರೇಟಿಂಗ್ ಸಿಸ್ಟಮ್ ತಯಾರಿಸುವ ಕಂಪನಿಯ ಅಪ್‌ಗ್ರೇಡ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯ ಕಂಪ್ಯೂಟರಿನ ಮೂಲೆಯಿಂದ ದಿನಕ್ಕೆ ಹದಿನಾಲ್ಕು ಸಲ ಇಣುಕಿ ನಮ್ಮ ಯೋಗಕ್ಷೇಮ ವಿಚಾರಿಸುವಷ್ಟು ಚೈತನ್ಯ ತಮಗಿರುವಾಗ, ತಮ್ಮ ಆರೋಗ್ಯದ ಬಗ್ಗೆ ಸಂಶಯಪಡುವುದು ಫೋಟೊಗಳಿಗೆ ಫ್ರೇಮ್ ಹಾಕಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಶೋಭಿಸುವುದಿಲ್ಲ. ಒಡಹುಟ್ಟಿದವರೇ ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವ ಈ ಕಾಲದಲ್ಲಿ, ಕರೆಯದೆ ಬಂದು, ಬೇಡವೆಂದರೂ ಕೂತು, ಹೊರಡಿ ಎಂದರೆ ಒಂದು ಗಂಟೆ ಬಿಟ್ಟು ಮತ್ತೆ ಬರುವೆನೆಂದು ಮಾತು ಕೊಟ್ಟು, ಆ ಮಾತನ್ನು ಒಮ್ಮೆಯೂ ತಪ್ಪದೆ ನಡೆಸುವ ತಮ್ಮ ಅಕ್ಕರೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನನ್ನ ಮದುವೆಯಲ್ಲೂ ನನ್ನ ಒಪ್ಪಿಗೆಯನ್ನು ಕೇಳಿದ್ದು ಒಂದೇ ಸಲ, ಅದೂ ಎಲ್ಲ ಗೊತ್ತುಮಾಡಿಯಾದ ಮೇಲೆ. ತಾವಾದರೋ ಮೂರು ತಿಂಗಳಿಂದ ಕೇಳುತ್ತಲೇ ಇದ್ದೀರಿ. ಉತ್ತರಕ್ಕೆಂದು ತಾವು ಕೊಟ್ಟಿರುವ ಗುಂಡಿಗಳು ಎರಡು, ಒಂದು ‘ಈಗಲೇ’, ಇನ್ನೊಂದು ‘ಆಮೇಲೆ’.

ಇಷ್ಟೊಂದು ಪ್ರೀತಿಯಿಂದ ಕೊಡುವ ಹೊಸ ಸಿಸ್ಟಮ್ಮನ್ನು ಈ ಮನುಷ್ಯ ಯಾಕೆ ಬೇಡವೆನ್ನುತ್ತಾನೆ ಎಂದು ತಮಗೆ ಅನ್ನಿಸಬಹುದು. ವಿಷಯ ಹೀಗಿದೆ. ನನ್ನ ಹೆಂಡತಿ ಇಪ್ಪತ್ತಾರು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗನ ಶೂ ಲೇಸು ಕಟ್ಟಿಸುವಂಥ ದನಿ ಅವಳದು, ಸೀಟಿಯನ್ನು ಕೊರಳಲ್ಲಿ ನೇತುಹಾಕಿಕೊಳ್ಳುತ್ತಿದ್ದದ್ದು ಬರೀ ಶಾಸ್ತ್ರಕ್ಕೆ. ಎರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಪರೇಷನ್ನಿಗೆ ವಾರವಿದ್ದಾಗ ಆಸ್ಪತ್ರೆಯ ಮಾತಿನ ಚಿಕಿತ್ಸಕಿ ನಮ್ಮ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಹಾಕಿ, ಒಂದು ಮೈಕು, ಆರುನೂರು ವಾಕ್ಯಗಳ ಒಂದು ಪುಸ್ತಿಕೆ ಕೊಟ್ಟು, ಇದನ್ನೆಲ್ಲ ನಿಧಾನವಾಗಿ ಓದಿ ಧ್ವನಿಮುದ್ರಿಸಿ, ಮುಂದೆ ನೀವು ಏನು ಟೈಪ್ ಮಾಡಿದರೂ ಅದು ನಿಮ್ಮದೇ ದನಿಯಲ್ಲಿ ಹೇಳುತ್ತದೆ ಎಂದರು.

ಪುಸ್ತಿಕೆಯ ವಾಕ್ಯಗಳೆಲ್ಲ ‘ಇಂದು ಹವಾಮಾನ ಹಿತವಾಗಿದೆ’ ಎಂಬ ಜಾತಿಯವು. ಅವಳು ಮೂರು ದಿನ ನಮ್ಮ ಮುಂದಿನ ಕೋಣೆಯಲ್ಲಿ ಕೂತು ಓದಿದಳು. ಅದೇ ಕೋಣೆಯಲ್ಲಿ, ನಾಲ್ಕು ಹೆಜ್ಜೆಯಾಚೆ, ನಾನು ಒಂದು ಶಾಲೆಯ ನಲವತ್ತು ಗ್ರೂಪ್ ಫೋಟೊಗಳಿಗೆ ಮೊಳೆ ಹೊಡೆಯುತ್ತಿದ್ದೆ. ಸುಮ್ಮನೆ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಕೈಗೆ ಏನಾದರೊಂದು ಕೆಲಸ ಬೇಕಿತ್ತು. ಹೀಗಾಗಿ ಅವಳು ಹವಾಮಾನ ಹಿತವಾಗಿದೆ ಎಂದದ್ದು, ಸುತ್ತಿಗೆ ಕೆಳಗಿಡದ ಗಂಡನೊಬ್ಬನನ್ನು ದುರುಗುಟ್ಟಿ ನೋಡುತ್ತ. ಆರುನೂರು ವಾಕ್ಯಗಳೂ ಹಾಗೇ ದಾಖಲಾದವು. ಕೆಲವು ಪದಗಳ ಹಿಂದೆ ಇಂದಿಗೂ ಸಣ್ಣಗೆ ಟಕ್ ಎನ್ನುತ್ತದೆ, ಅದು ನಾನು.

ಪರಿಣಾಮವಾಗಿ, ಮಾನ್ಯರೇ, ನನ್ನ ಹೆಂಡತಿ ಈಗ ಏನು ಹೇಳಿದರೂ ಅದು ಬೈದ ಹಾಗೆ ಕೇಳುತ್ತದೆ. ಪಕ್ಕದ ಮನೆಯವರು ಎಳೆಗೂಸನ್ನು ತೋರಿಸಲು ಬಂದಾಗ ‘ಎಷ್ಟು ಮುದ್ದಾಗಿದೆ’ ಎಂದು ಟೈಪ್ ಮಾಡಿದಳು. ಮಗು ಅತ್ತಿತು, ಅದರ ತಂದೆ ಕ್ಷಮೆ ಕೇಳಿದರು. ಪಾರ್ಸೆಲ್ ತರುವವನು ನಮ್ಮ ಮೆಟ್ಟಿಲ ಕೆಳಗೇ ಶೂ ಬಿಡುತ್ತಾನೆ, ಹಾಗೆಂದು ಅವನಿಗೆ ಹೇಳಿದವರು ಯಾರೂ ಇಲ್ಲ. ಇಂಥದ್ದೆಲ್ಲ ಆದಾಗ ಅವಳು ಸದ್ದಿಲ್ಲದೆ, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ.

ತಮ್ಮ ಮೊದಲ ಆಹ್ವಾನ ಪರದೆಯ ಮೇಲೆ ಕಾಣಿಸಿಕೊಂಡ ದಿನವೇ ನಾನು ಚಿಕಿತ್ಸಕಿಗೆ ಫೋನ್ ಮಾಡಿ ಕೇಳಿದೆ. ಅವರು, “ಆ ಪ್ರೋಗ್ರಾಂ ಮಾಡಿದ ಕಂಪನಿ ಮುಚ್ಚಿಹೋಗಿದೆ. ಹೊಸ ಸಿಸ್ಟಮ್‌ನಲ್ಲಿ ಅದು ಓಡಲ್ಲ, ಬೇರೆ ಕಂಪ್ಯೂಟರ್‌ಗೂ ಹಾಕೋಕಾಗಲ್ಲ. ಒಂದ್ಸಲ ಅಪ್‌ಗ್ರೇಡ್ ಆದ್ರೆ ಅವರ ದನಿ ಹೋಯ್ತು ಅಂತಲೇ ತಿಳ್ಕೊಳ್ಳಿ” ಎಂದರು. ಅವಳ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದಿಡಬಹುದಲ್ಲ ಎಂದು ತಮ್ಮ ಸಹಾಯವಾಣಿಯವರು ಸಲಹೆ ಕೊಟ್ಟರು. ಹಳೆಯ ಬೈಗುಳವನ್ನೇನೋ ಹಿಡಿದಿಡಬಹುದು, ಆದರೆ ನಾನು ದಿನವೂ ಹೊಸ ತಪ್ಪು ಮಾಡುವವನು. ಹೊಸ ಸಿಸ್ಟಮ್ಮಿನಲ್ಲಿ ಜೇನಿನಂಥ ದನಿಯೊಂದು ಉಚಿತವಾಗಿ ಬರುತ್ತದೆ ಎಂದೂ ಅವರು ತಿಳಿಸಿದರು. ಅದನ್ನು ಕೇಳಿಸಿಕೊಂಡೆ, ಬಹಳ ಸೊಗಸಾಗಿದೆ. ಆದರೆ ಅಷ್ಟು ನಯವಾಗಿ ಮಾತಾಡುವ ಹೆಂಗಸೊಬ್ಬಳು ನನ್ನ ಮನೆಯಲ್ಲಿ ಯಾಕಿದ್ದಾಳೆಂದು ನಾನು ಯಾರಿಗೆ ಏನೆಂದು ಹೇಳಲಿ?

ಆದಕಾರಣ ನಾನು ತಮ್ಮ ಅಕ್ಕರೆಗೆ ಅಡ್ಡ ನಿಲ್ಲಬೇಕಾಯಿತು. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಫೋಟೊದ ಸುತ್ತ ಇಡುವ ದಪ್ಪ ರಟ್ಟನ್ನು ಅಳತೆಗೆ ಕತ್ತರಿಸಿ, ತಾವು ಇಣುಕುವ ಬಲಗಡೆಯ ಕೆಳಮೂಲೆ ಮುಚ್ಚುವ ಹಾಗೆ ಪರದೆಗೆ ಅಂಟಿಸಿದೆ. ಅವಳ ಬೆರಳು ತಪ್ಪಿಯೂ ತಮ್ಮ ಗುಂಡಿಯ ಮೇಲೆ ಬೀಳಬಾರದಲ್ಲ. ಮಾರನೆಯ ದಿನದಿಂದ ತಾವು ಪರದೆಯ ನಟ್ಟನಡುವೆ ದರ್ಶನ ಕೊಡತೊಡಗಿದಿರಿ. ಇಂಟರ್ನೆಟ್ಟಿನ ತಂತಿಯನ್ನೇ ಕಿತ್ತಿಟ್ಟೆ. ಆದರೆ ನನ್ನ ಹೆಂಡತಿಗೆ ಒಬ್ಬಳು ತಂಗಿಯಿದ್ದಾಳೆ; ತಾಯಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕಿತ್ತೆಂದು ಅಕ್ಕತಂಗಿಯರು ಪ್ರತಿ ಭಾನುವಾರ ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಜಗಳವಾಡುತ್ತಾರೆ. ಅದೊಂದು ಇಲ್ಲದಿದ್ದರೆ ಇಬ್ಬರಿಗೂ ವಾರ ಮುಂದೆ ಸಾಗುವುದಿಲ್ಲ. ಆ ಅರ್ಧ ಗಂಟೆ ನಾನು ತಂತಿ ಚುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಮೇಜಿನ ಕೆಳಗೆ ಕೂರುತ್ತಿದ್ದೆ. ಜಗಳ ಹೊಲಿಗೆ ಯಂತ್ರದ ಸೂಜಿಗೆ ಬರುವಷ್ಟರಲ್ಲಿ ತಾವು ತಮ್ಮ ಅಪ್‌ಗ್ರೇಡನ್ನು ಪೂರ್ತಿ ಒಳಗೆ ಸಾಗಿಸಿ ಮುಗಿಸಿದ್ದಿರಿ ಎಂಬುದು ತಿಳಿದದ್ದು ಆಮೇಲೆ.

ಕಳೆದ ಭಾನುವಾರ ನಾನೇ ಕೈಯಾರೆ ತಪ್ಪು ಮಾಡಿದೆ. ತಮ್ಮ ಚೌಕ ಮತ್ತೆ ಬಂತು. ‘ಈಗಲೇ’ ಒತ್ತಲಿಲ್ಲ, ‘ಆಮೇಲೆ’ ಒತ್ತಲಿಲ್ಲ, ಮರ್ಯಾದಸ್ಥರು ಬಾಗಿಲು ಮುಚ್ಚುವ ಹಾಗೆ ಮೇಲಿನ ಇಂಟು ಗುರುತನ್ನು ಒತ್ತಿ ಚೌಕವನ್ನು ಮುಚ್ಚಿದೆ. ‘ಒಪ್ಪಿದ್ದಕ್ಕೆ ಧನ್ಯವಾದಗಳು, ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅಪ್‌ಗ್ರೇಡ್ ಆರಂಭವಾಗಲಿದೆ’ ಎಂದು ಬರೆದು ಬಂತು. ಮುಖದ ಮೇಲೆ ಬಾಗಿಲು ಹಾಕಿದವರನ್ನು ಒಳಗೆ ಕರೆದವರೆಂದೇ ತಿಳಿಯುವ ದೊಡ್ಡ ಮನಸ್ಸು ತಮ್ಮ ಕಂಪನಿಗೆ ಎಲ್ಲಿಂದ ಬಂತೋ ತಿಳಿಯದು. ಅಂದಿನಿಂದ ಪರದೆಯ ಮೇಲೆ ಗಂಟೆ, ನಿಮಿಷಗಳು ಇಳಿಯುತ್ತಿದ್ದವು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅವಳು ಸತ್ತರೆ ಏನು ಗತಿಯೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯೋಚಿಸಿದ್ದವನು, ಬದುಕಿರುವವಳ ದನಿ ಸಾಯುವುದನ್ನು ಕೂತು ನೋಡಬೇಕೆ?

ಅಷ್ಟರಲ್ಲಾಗಲೇ ಎರಡು ವಾರದಲ್ಲಿ ತಮ್ಮ ಸಹಾಯವಾಣಿಗೆ ನಾನು ಒಂಬತ್ತು ಸಲ ಫೋನ್ ಮಾಡಿದ್ದೆ. ಒಂಬತ್ತು ಸಲವೂ ಅಪ್‌ಗ್ರೇಡನ್ನು ನಿಲ್ಲಿಸುವ ಸೌಲಭ್ಯವೇ ಇಲ್ಲವೆಂದು ಮನವರಿಕೆ ಮಾಡಿಕೊಟ್ಟು, ಇನ್ನೇನಾದರೂ ಸಹಾಯ ಬೇಕೆ ಎಂದು ಕೇಳಿದರು. ಮಂಗಳವಾರ ಒಂದೂಕಾಲಕ್ಕೆ ಹತ್ತನೆಯ ಸಲ ಮಾಡಿ ನಾನು ಅಂಗಲಾಚುತ್ತಿದ್ದಾಗ ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸ್ಪೀಕರಿನ ಪಕ್ಕದಲ್ಲಿಟ್ಟಳು. ಅವಳು ಟೈಪ್ ಮಾಡಿದ್ದು ಇಷ್ಟೇ, “ನಮಸ್ಕಾರ. ನಮ್ಮ ಕಂಪ್ಯೂಟರ್ ಹೇಗಿದೆಯೋ ಹಾಗೇ ಇರಲಿ. ದಯವಿಟ್ಟು ನಿಲ್ಲಿಸಿಕೊಡಿ.” ಇದಕ್ಕಿಂತ ಸೌಜನ್ಯದ ಮಾತನ್ನು ನಾನು ಬರೆಯಲಾರೆ. ಸ್ಪೀಕರಿನಿಂದ ಹೊರಬಿದ್ದದ್ದು ಮಾತ್ರ, ಕಾಂಪೌಂಡ್ ಹಾರುವಾಗ ಸಿಕ್ಕಿಬಿದ್ದವನಿಗೆ ಹೇಳಬೇಕಾದ ರೀತಿಯಲ್ಲಿತ್ತು. ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ತಮ್ಮ ನೌಕರರು ಎದ್ದು ನಿಂತಿರಬೇಕು.

“ಆಯ್ತು ಟೀಚರ್” ಎಂದರು ಅವರು.

ಅವಳು ಟೀಚರೆಂದು ಅವರಿಗೆ ನಾವು ಹೇಳಿರಲಿಲ್ಲ. ಎಲ್ಲೆಲ್ಲಿ ಒತ್ತಬೇಕೆಂದು ಒಂದೊಂದಾಗಿ ಹೇಳುತ್ತ ಹೋದರು, ನಾಲ್ಕನೆಯ ಒತ್ತಿಗೆ ಪರದೆಯ ಮೇಲಿನ ಗಡಿಯಾರ ಮಾಯವಾಯಿತು. ಸೃಷ್ಟಿಯಲ್ಲೇ ಇಲ್ಲವೆಂದು ಒಂಬತ್ತು ಸಲ ಸಾಬೀತಾಗಿದ್ದ ಸೌಲಭ್ಯವನ್ನು ಹತ್ತನೆಯ ಸಲಕ್ಕೆ ಸೃಷ್ಟಿಸಿಕೊಟ್ಟ ಆ ಮಹನೀಯರಿಗೆ ತಾವು ಬಡ್ತಿ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ಕೋರಿಕೆ ಇದೊಂದೇ ಅಲ್ಲ. ‘ಈಗಲೇ’, ‘ಆಮೇಲೆ’ಗಳ ನಡುವೆ ‘ಬೇಡ’ ಎಂಬ ಮೂರನೆಯ ಗುಂಡಿಯೊಂದನ್ನು ಹಾಕಿಸಿಕೊಡಬೇಕು. ಜಾಗವಿಲ್ಲದಿದ್ದರೆ ಹೇಳಿ, ಫ್ರೇಮನ್ನು ದೊಡ್ಡದು ಮಾಡಿಕೊಡುತ್ತೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಅಪ್‌ಗ್ರೇಡ್ ಮಾಡದೆ ತಮಗೆ ಅನ್ನ ಇಳಿಯದು ಎಂದಾದರೆ ನನ್ನ ಎಡ ಮಂಡಿಯಿದೆ, ಅದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ. ಹಾಗೆಯೇ ನನ್ನ ಕಿವಿಗಳನ್ನೂ ಸ್ವಲ್ಪ ನೋಡಿಕೊಡಬೇಕು. ಯಾಕೆಂದರೆ ಅಂದು ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಇನ್ನೊಂದು ಮಾತು ಟೈಪ್ ಮಾಡಿದಳು. ನಾನು ಅವಳ ಹಿಂದೆಯೇ ನಿಂತಿದ್ದರಿಂದ, ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಅವಳ ಮಾತನ್ನು ಕೇಳುವುದಕ್ಕೆ ಮುಂಚೆ ಓದಿದೆ. “ಎರಡು ವಾರದಿಂದ ನೀವು ನೆಟ್ಟಗೆ ಕೂತು ಉಂಡಿಲ್ಲ. ಇನ್ನು ಭಯ ಬೇಡ, ಏಳಿ, ಊಟ ಮಾಡಿ.” ಓದಿ ನನ್ನ ಕಣ್ಣು ತುಂಬಿತು. ಆಮೇಲೆ ಸ್ಪೀಕರ್ ಅದನ್ನೇ ಹೇಳಿತು, ನಾನು ಏನೋ ದುಬಾರಿ ವಸ್ತುವನ್ನು ಒಡೆದು ಹಾಕಿದ್ದೇನೆ ಎಂಬಂತೆ. ಇಷ್ಟು ವರ್ಷ ಬೈಗುಳವೆಂದು ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದ ಮಾತುಗಳಲ್ಲಿ ಎಷ್ಟು ಇಂಥವಿದ್ದವೋ ನನಗೆ ಗೊತ್ತಿಲ್ಲ, ಮಾನ್ಯರೇ. ಇನ್ನು ಮುಂದಿನವನ್ನಾದರೂ ಪೂರ್ತಿ ಕೇಳಿಸಿಕೊಳ್ಳಬೇಕೆಂದಿದ್ದೇನೆ. ಆದ್ದರಿಂದ ಅದು ಇದ್ದ ಹಾಗೆಯೇ ಇರಲಿ.

ತಮ್ಮ ಅಪ್‌ಗ್ರೇಡುಗಳು ಬೇಕಾದವರಿಗೆ ಬೇಗ ತಲುಪಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಫ್ರೇಮ್ ಕೆಲಸದವನು

ವಿ.ಸೂ.: ಇಷ್ಟುದ್ದದ ಪತ್ರ ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ತಿಳಿಸಿ. ನನ್ನ ಹೆಂಡತಿ ಇದನ್ನು ಟೈಪ್ ಮಾಡಿ ಫೋನಿನಲ್ಲಿ ತಮಗೆ ಓದಿ ಹೇಳಿಸಲು ಸಿದ್ಧಳಿದ್ದಾಳೆ. ನನ್ನ ವಿನಯದ ಮಾತುಗಳಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಾಳೆ. ತಾವು ಮಾತ್ರ ಮೊದಲೇ ಎದ್ದು ನಿಂತಿದ್ದರೆ ಒಳ್ಳೆಯದು.