ಡಬ್ಬಿ ಬದಲಿಸಿದ ಹಾಡುಗಳು

ಹೋರಾಟಗಾರರ ಕೈಗೆ ಯಂತ್ರ ಕೊಟ್ಟರೆ ಏನಾದರೊಂದು ಆಗಿಯೇ ತೀರುತ್ತದೆ. ಮೈಕು ಕೊಟ್ಟ ದಿನ ಕರೆಂಟು ಹೋಗುತ್ತದೆ, ಜೀಪು ಕೊಟ್ಟ ದಿನ ಡೀಸೆಲ್ ಮುಗಿಯುತ್ತದೆ. ಕಂಪ್ಯೂಟರ್ ಕೊಟ್ಟಾಗ ಆದದ್ದನ್ನು ನೆನೆದರೆ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

ಬ್ಯಾಡಗಿಯ ಸೀನು

ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ, ಹಮಾಲರ ಪರವಾಗಿ ಜಗಳವಾಡುವ ನಮ್ಮ ಸಮಿತಿಯ ಖೋಲಿ ಇತ್ತು. ಐರಣಿ ಊರಿನ ಅವ್ವನೊಬ್ಬಳು ನಮ್ಮ ಧರಣಿಗಳಿಗೆ ಬಂದು ಹಾಡು ಕಟ್ಟಿ ಹಾಡುತ್ತಿದ್ದಳು. ಆಕೆ ದನಿ ಎತ್ತಿದರೆ ತಹಶೀಲ್ದಾರರು ಹಿಂಬಾಗಿಲು ಹಿಡಿಯುತ್ತಿದ್ದರು, ಪೊಲೀಸರು “ಸಾಕ ಬಿಡಬೇ ಯವ್ವಾ” ಎಂದು ಕೈಮುಗಿಯುತ್ತಿದ್ದರು. ಆ ಹಾಡುಗಳನ್ನೆಲ್ಲ ಖೋಲಿಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದೆವು. ಬೇರೆಲ್ಲೂ ಇರಲಿಲ್ಲ. ಅವ್ವ ತೀರಿಕೊಂಡಳು. ವಾರದೊಳಗೆ ಕಂಪ್ಯೂಟರೂ ಸುಟ್ಟುಹೋಯಿತು.

ಮುಚ್ಚಳ ಬಿಚ್ಚಿದೆ. ಫ್ಯಾನಿಗೆ ಮೆಣಸಿನಕಾಯಿ ಧೂಳು ಗಟ್ಟಿಯಾಗಿ ಮೆತ್ತಿತ್ತು. ಉಫ್ ಎಂದು ಊದಿದೆ. ಒಳಗಿದ್ದವರೆಲ್ಲ ಸೀನುತ್ತಾ, ಕಣ್ಣೊರೆಸಿಕೊಳ್ಳುತ್ತಾ ರಸ್ತೆಗೆ ಓಡಿದೆವು. ಹಾದುಹೋಗುತ್ತಿದ್ದ ದಲಾಲಿಯೊಬ್ಬ ನಿಂತು ಕೇಳಿದ: “ಅವ್ವ ಹೋಗಿ ವಾರ ಆತು, ಈಗ ಅಳಾಕತ್ತೀರೇನ್ರೀ?”

ಹಾವೇರಿಯ ನೀಲಿ ಪರದೆ

ನಮ್ಮ ಅಧ್ಯಕ್ಷರಲ್ಲಿ ಎಲ್ಲದಕ್ಕೂ ಒಕ್ಕಲುತನದ ಉತ್ತರ ಇರುತ್ತಿತ್ತು. “ಎತ್ತು ಬಿತ್ತಂತ ಚಕ್ಕಡಿ ಒಗೀತಾರೇನೋ ತಮ್ಮಾ? ಬ್ಯಾರೆ ಎತ್ತು ಹೂಡು” ಎಂದರು. ಹಾಡುಗಳಿದ್ದ ಹಾರ್ಡ್ ಡಿಸ್ಕ್ ಸುಡದೆ ಉಳಿದಿತ್ತು; ಅದನ್ನು ಬಿಚ್ಚಿ ಸಮಿತಿಯ ಹಾವೇರಿ ಕಚೇರಿಯ ಕಂಪ್ಯೂಟರಿಗೆ ಹಾಕಿದೆ. ಅಧ್ಯಕ್ಷರು ಅದಕ್ಕೆ ಕುಂಕುಮ ಹಚ್ಚಿ, ಹೊಸ ಮನೆ ಹೊಕ್ಕಿದೆಯೆಂದು ಪಕ್ಕದಲ್ಲೇ ಹಾಲು ಉಕ್ಕಿಸಿದರು. ಹಾಲು ಉಕ್ಕಿತು. ಕಂಪ್ಯೂಟರ್ ನೀಲಿಗಟ್ಟಿ ನಿಂತಿತು.

ಕಂಪ್ಯೂಟರನ್ನು ನಡೆಸುವ ಸಿಸ್ಟಂ, ಅಂದರೆ ಸಾಫ್ಟ್‌ವೇರ್, ಮಾರಿದ ಕಂಪನಿಗೆ ಫೋನ್ ಮಾಡಿದೆ. “ಸರ್, ಆ ಸಿಸ್ಟಂ ಹಳೆಯ ಡಬ್ಬಿಯ ಜೊತೆಗೇ ಬಂದದ್ದು. ಬೇರೆ ಡಬ್ಬಿಯಲ್ಲಿ ನಡೆಯುವುದಿಲ್ಲ” ಎಂದಳು ಅಲ್ಲಿಯ ಹುಡುಗಿ. ನನ್ನ ಪಿತ್ತ ನೆತ್ತಿಗೇರಿತು. “ರಾಣೆಬೆನ್ನೂರಾಗ ತಂದ ಬೀಜ ಹಾವೇರಿ ಹೊಲದಾಗ ಹುಟ್ಟಬಾರದೇನು? ಹೊಲ ಯಾವುದಂತ ಕಂಪನಿ ಹೇಳಬೇಕೇನು?”

“ನಿಮ್ಮ ದೂರನ್ನು ಗಮನಿಸಿದ್ದೇವೆ ಸರ್” ಎಂದು ಹೇಳಿ, ಫೋನಿನಲ್ಲಿ ಪಿಟೀಲಿನ ರಾಗ ಹಚ್ಚಿ ಕಾಯಲು ಬಿಟ್ಟಳು. ಈ ಮಾತು ಕೇಳಿ ಕೇಳಿಯೇ ನಾನು ಹೋರಾಟಕ್ಕೆ ಇಳಿದವನು. ಆದರೆ ತಾಲೂಕು ಕಚೇರಿಯವರು ಇದನ್ನು ಹೇಳಿದ ಮೇಲೆ ಪಿಟೀಲು ಬಾರಿಸುತ್ತಿರಲಿಲ್ಲ.

ರಾಣೆಬೆನ್ನೂರಿನ ಒಂದೇ ಔಷಧ

ಮರುದಿನ ಐರಣಿಯಲ್ಲಿ ಅವ್ವನ ನೆನಪಿನ ಸಭೆ. ಆಕೆಯ ದನಿ ಕೇಳಿಸುತ್ತೇವೆಂದು ಊರಿಗೆಲ್ಲ ಮಾತು ಕೊಟ್ಟಾಗಿತ್ತು. ಅಧ್ಯಕ್ಷರು ಕಂಪ್ಯೂಟರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ರಾಣೆಬೆನ್ನೂರಿನ ರಿಪೇರಿ ಅಂಗಡಿಗೆ ಹೋದರು. ನಾನು ಹಾವೇರಿಯಲ್ಲಿ ಇನ್ನೂ ಪಿಟೀಲು ಕೇಳುತ್ತಿದ್ದೆ.

ಯಾವ ಜ್ವರಕ್ಕೂ ಇಂಜೆಕ್ಷನ್ ಚುಚ್ಚುವ ಡಾಕ್ಟರ ಹಾಗೆ, ಆ ಕಾಲದ ರಿಪೇರಿಯವರಿಗೆ ಗೊತ್ತಿದ್ದುದು ಒಂದೇ ಔಷಧ: ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಸಿಸ್ಟಂ ಹೊಸದಾಗಿ ಹಾಕುವುದು. “ಏನ್ ಮಾಡ್ಲಿರೀ?” ಎಂದು ಅಂಗಡಿಯವನು ಕೇಳಿದನಂತೆ. “ಏನರ ಮಾಡಪಾ, ಮೊದಲ ಚಾಲೂ ಆಗ್ಲಿ” ಎಂದರಂತೆ ಅಧ್ಯಕ್ಷರು.

ಚಾಲೂ ಆಯಿತು. ಅಲ್ಲಿಂದಲೇ ನನಗೆ ಫೋನ್ ಮಾಡಿದರು: “ನೀ ಎಷ್ಟ ಬೈದರೂ ಆಗದ್ದು, ಇಲ್ಲಿ ಒಂದ ಚಾ ಕುಡಿಯೂದ್ರಾಗ ಆತು ನೋಡು!”

ಐರಣಿಯ ಪಿಯಾನೊ

ಹೊಳೆದಂಡೆಯಲ್ಲಿ ಊರೇ ಕೂತಿತ್ತು. ಮುಂದಿನ ಸಾಲಿನಲ್ಲಿ ಅವ್ವನ ಗಂಡ, ತಲೆಗೆ ಒಗೆದ ಪಟಗ ಸುತ್ತಿಕೊಂಡಿದ್ದ. ಅಧ್ಯಕ್ಷರು ಕಂಪ್ಯೂಟರಿನ ಸ್ಪೀಕರಿಗೆ ಮೈಕು ಹಿಡಿದರು. ಕಂಪನಿಯ ಸ್ವಾಗತದ ರಾಗ ಟಿಣ್ ಎಂದಿತು. ಹೆಂಗಸರು ಸೆರಗು ಹೊದ್ದು ಕೈಮುಗಿದರು.

ಹುಡುಕಿದೆ. ಅವ್ವನ ಹಾಡು ಒಂದೂ ಇರಲಿಲ್ಲ. ಸಿಸ್ಟಂ ಜೊತೆ ಬರುವ ಪರದೇಶದ ಪಿಯಾನೊ ರಾಗ ಒಂದಿತ್ತು. ಗಡಿಬಿಡಿಯಲ್ಲಿ ಅಧ್ಯಕ್ಷರು ಅದನ್ನೇ ಒತ್ತಿಬಿಟ್ಟರು.

ಅಂಗಡಿಯವನಿಗೆ ಫೋನ್ ಹಚ್ಚಿದೆ. “ಹಾಡು ಎಲ್ಲಿ ಹೋದುವೋ?”

“ಹಾಡು ಅದಾವಂತ ಯಾರ ಹೇಳಿದ್ರಿ? ಚಾಲೂ ಆಗ್ಲಿ ಅಂದ್ರು, ಆತು. ಮೊದಲ ಹೇಳಿದ್ರ ನಿಮ್ಮ ಡಿಸ್ಕನ್ನ ನನ್ನ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಮಾಡಿ ಹಚ್ಚಿ, ಹಾಡಷ್ಟ ತಗದು ಕೊಡ್ತಿದ್ನಲ್ರೀ. ಅದರಾಗಿನ ಸಿಸ್ಟಂ ಚಾಲೂ ಆಗೂದ ಬೇಕಿರ್ಲಿಲ್ಲ.”

ಇಷ್ಟೇ. ಊರ ಕಚೇರಿಗಳ ಬಾಗಿಲನ್ನೆಲ್ಲ ಬಡಿದವರು ನಾವು, ಇದೊಂದು ಮಾತನ್ನು ಯಾರನ್ನೂ ಕೇಳಿರಲಿಲ್ಲ.

ಅಧ್ಯಕ್ಷರು ಹೋಗಿ ಅವ್ವನ ಗಂಡನ ಮುಂದೆ ತಲೆ ತಗ್ಗಿಸಿದರು. “ತಪ್ಪಾತೋ ಯಣ್ಣಾ.”

ಮುದುಕ ಪಟಗದ ಸೆರಗಿನಿಂದ ಕಣ್ಣೊರೆಸಿಕೊಂಡ. “ಅಕೀ ಬಾಯಿ ಮುಚ್ಚಸಾಕ ನನ್ನ ಕೈಲೆ ಆಗ್ಲಿಲ್ಲ. ತಹಶೀಲ್ದಾರಗ ಆಗ್ಲಿಲ್ಲ, ಪೊಲೀಸರಿಗೂ ಆಗ್ಲಿಲ್ಲ. ಕಡೀಕ ಅಕೀ ಮಂದಿ ನೀವ ಮುಚ್ಚಿಸಿದ್ರಿ ನೋಡಪಾ!”