ಫೋನಿನಿಂದ ಇಳಿದ ಕುಬಸ

‘ಟುಡುಂಗ್!’

ಸಿಂದಗಿಯ ಬೀಜ-ಗೊಬ್ಬರದ ವ್ಯಾಪಾರಿ ಗುರುಲಿಂಗಪ್ಪನ ಪಡಸಾಲೆಯಲ್ಲಿ ಆ ಸದ್ದು ಮೊದಲು ಕೇಳಿದ್ದು ಬೆಳಿಗ್ಗೆ ಹತ್ತೂವರೆಗೆ. ಫೋನಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಒಳಗಿನಿಂದ ಯಾರೋ ಬಾಗಿಲು ತೆರೆದು ‘ಬರ್ರಿ’ ಅಂದಂಥ ಸದ್ದು. ಗುರುಲಿಂಗಪ್ಪ ಗೆದ್ದ ಪೈಲವಾನನ ಹಾಗೆ ತೊಡೆ ತಟ್ಟಿಕೊಂಡ. ಮರುಕ್ಷಣವೇ ‘ಡುಂಗ್ಟು!’ ಅದೇ ಬಾಗಿಲು ಮುಖದ ಮೇಲೆ ಮುಚ್ಚಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಅವನನ್ನು ಇಪ್ಪತ್ತೆಂಟು ಸಲ ಒಳಗೆ ಕರೆದು ಇಪ್ಪತ್ತೆಂಟು ಸಲ ಹೊರಗೆ ದಬ್ಬಲಾಗಿತ್ತು. (ಹೆಂಡತಿಯ ತವರಿನವರೂ ತನಗೆ ಇಷ್ಟು ಅವಮಾನ ಮಾಡಿಲ್ಲವಲ್ಲ ಎಂದುಕೊಂಡ. ಅವಸರವಿರಲಿಲ್ಲ, ದಿನ ಇನ್ನೂ ಅರ್ಧ ಬಾಕಿ ಇತ್ತು.)

ಆ ತವರಿನವರು ಆಗಲೇ ಮೋರಟಗಿಯಿಂದ ಬಂದು ಕೂತಿದ್ದರು. ಅತ್ತೆ ಗುರವ್ವ ಮಂಚದ ಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು. ನಾದಿನಿ ವಿಜಯಲಕ್ಷ್ಮಿ ಗೋಡೆಗೆ ಒರಗಿ, ಏಳು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ಹೋದ ಗುರುವಾರ ತವರಿನಲ್ಲಿ ಅವಳ ಸೀಮಂತ, ಆ ಕಡೆಯ ಮಾತಿನಲ್ಲಿ ಕುಬಸ, ಆಗಿತ್ತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿದ್ದು, ಆರತಿ, ಹಾಡು, ಎಲ್ಲವೂ ಆಗಿತ್ತು. ಒಬ್ಬನಿರಲಿಲ್ಲ, ಅವಳ ಗಂಡ. ಅವನು ಮಿಲಿಟರಿಯಲ್ಲಿ ಜಮ್ಮುವಿನ ಕಡೆ ಇದ್ದ, ರಜೆ ಸಿಕ್ಕಿರಲಿಲ್ಲ. ಅವನ ಜೊತೆಯವನೇ ಆದ ಅಮೋಘಸಿದ್ಧ ರಜೆ ಮುಗಿಸಿಕೊಂಡು ಇವತ್ತು ಮೂರೂವರೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ರೈಲು ಹತ್ತುವವನು. ಅವನ ಕೈಯಲ್ಲಿ ಕುಬಸದ ಸೀಡಿ ಕಳಿಸಬೇಕು. ಇವತ್ತು ತಪ್ಪಿದರೆ ಕೂಸು ಹುಟ್ಟಿ ತೊಟ್ಟಿಲಿಗೆ ಹಾಕಿದ ಮೇಲೆಯೇ ಆ ಕಡೆ ಹೋಗುವವರು ಇನ್ನೊಬ್ಬರು ಸಿಗುವುದು.

ಕುಬಸಕ್ಕೆ ಸ್ಟುಡಿಯೋದ ಅಪ್ಪಾಸಾಬನಿಗೆ ಹೇಳಿಬಿಡೋಣ ಎಂದು ಗುರವ್ವ ಮೊದಲೇ ಅಂದಿದ್ದಳು. ಬೇಡ ಅಂದವನು ಗುರುಲಿಂಗಪ್ಪನೇ. ಅವನು ಆ ವರ್ಷ, ಅಂದರೆ ಎರಡು ಸಾವಿರದ ಎಂಟರ ಶ್ರಾವಣದಲ್ಲಿ, ಸೊಲ್ಲಾಪುರದಿಂದ ಒಂದು ಸ್ಮಾರ್ಟ್ ಫೋನ್ ತಂದಿದ್ದ. ಸಿಂದಗಿಯ ಬಜಾರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದನ್ನು ಅಂಗಿಯ ಕಿಸೆಯಲ್ಲಿ ಅರ್ಧ ಹೊರಗೆ ಇಣುಕುವಂತೆ ಇಟ್ಟುಕೊಂಡು ತಿರುಗುವುದು ಒಂದು ಕಲೆ. ಮೂರು ತಿಂಗಳಲ್ಲಿ ಅದರಲ್ಲಿ ಪಾರಂಗತನಾಗಿದ್ದ. “ಕೈಯಾಗ ಇಂಥಾ ಮಷೀನ್ ಇರೂವಾಗ ಮಂದೀನ ಯಾಕ ಕರೀತೀರಿ? ಫೋಟೋ ನಂದು, ವಿಡಿಯೋ ನಂದು, ಸೀಡೀನೂ ನಂದು” ಎಂದು ನಿಂತ ನಿಲುವಿನಲ್ಲೇ ಮಾತು ಕೊಟ್ಟಿದ್ದ.

ಆ ಮಾತು ಈಗ ವೈರಿನ ತುದಿಯಲ್ಲಿ ಜೋತಾಡುತ್ತಿತ್ತು.

“ರೀ, ಗಂಟೆ ಒಂದಾತು. ಅಪ್ಪಾಸಾಬಗ ಹೇಳಿ ಕಳಸ್ಲೇನು?” ಹೆಂಡತಿ ವಿದ್ಯಾವತಿ ಅಡುಗೆಮನೆಯಿಂದ ಮೂರನೆಯ ಸಲ ಕೇಳಿದಳು. ಮೂರನೆಯ ಸಲ ಕೇಳುವಾಗ ಅವಳ ದನಿ ಬಹಳ ಮೆತ್ತಗಿರುತ್ತಿತ್ತು. ಅದಕ್ಕೇ ಗುರುಲಿಂಗಪ್ಪನಿಗೆ ಹೆದರಿಕೆ.

“ಕರಿ” ಎಂದ, ಗೋಡೆಯ ಕಡೆ ತಿರುಗಿ.

ಅಪ್ಪಾಸಾಬ ಬಂದ. ತನ್ನನ್ನು ಬಿಟ್ಟು ಆದ ಕುಬಸದ ಸಂಗತಿ ಅವನಿಗೆ ಗೊತ್ತಿತ್ತು, ಅದು ಗೊತ್ತಿಲ್ಲದವನ ಹಾಗೆ ನಗುವುದೂ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ವೈರು ಚುಚ್ಚುವ ಎರಡು ಕಿಂಡಿಗಳಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. ಗುಂಡುಪಿನ್ನಿನಿಂದ ಕೆದರಿದ. ಬೆಳ್ಳಗೆ ಏನೋ ಉದುರಿತು. ಮೂಸಿ ನೋಡಿದ.

“ಸಾವಕಾರ್ರ, ಇದು ವಿಭೂತಿ ಐತ್ರಿ.”

“ವಿಭೂತಿ?” ಗುರುಲಿಂಗಪ್ಪ ಎದ್ದು ನಿಂತ. ಅರ್ಧ ದಿನದ ಸೋಲಿಗೆ ಕೊನೆಗೂ ಒಬ್ಬ ಆರೋಪಿ ಸಿಕ್ಕಂತಾಯಿತು. “ಏ ವಿದ್ಯಾ! ಬಾ ಇಲ್ಲಿ! ಕಂಪ್ಯೂಟರಿನ ಕಿಂಡ್ಯಾಗ ವಿಭೂತಿ ಮೆತ್ತು ಅಂತ ನಿನಗ ಯಾರ ಹೇಳಿದ್ರು?”

ವಿದ್ಯಾವತಿ ಲಟ್ಟಣಿಗೆ ಹಿಡಿದುಕೊಂಡೇ ಬಂದಳು.

“ನಾ ಯಾಕ ಮೆತ್ತಲಿ? ದೀಪಾವಳಿ ಅಮಾಸಿಗೆ ಪೂಜಿ ಮಾಡಿದವ್ರು ಯಾರು? ಲಕ್ಷ್ಮೀ ಪೂಜಿ ವ್ಯಾಪಾರ ಮಾಡೂ ಗಂಡಸನ ಕೈಲೇ ಆಗಬೇಕು ಅಂತ ನನ್ನ ಸರಿಸಿ ಕುಂತ್ರಿ. ತಕ್ಕಡಿಗೆ ಹಚ್ಚಿದ್ರಿ, ತಿಜೋರಿಗೆ ಹಚ್ಚಿದ್ರಿ, ಇದರ ಮುಂದ ಬಂದು ‘ಇದರ ಹಣಿ ಯಾವ್ದು’ ಅಂತ ನನ್ನ ಕೇಳಿದ್ರಿ. ನನಗೇನ್ ಗೊತ್ತು ಅಂದೆ. ‘ಇವೆರಡೂ ಕಣ್ಣು, ಇದರ ಮ್ಯಾಲ ಹಣಿ’ ಅಂದವ್ರು ನೀವು. ಮೂರೂ ಬಟ್ಟು ನೀರಾಗ ಅದ್ದಿ ಎಳದ್ರಿ ನೋಡ್ರಿ, ಹಣಿಗೂ ಆತು, ಕಣ್ಣಿಗೂ ಆತು.”

ಗುರವ್ವ ಅಡಿಕೆ ಕತ್ತರಿಸುತ್ತ, ಯಾರಿಗೂ ಅಲ್ಲವೆಂಬಂತೆ ಅಂದಳು: “ಪಾಪ, ಕಣ್ಣಾಗ ಬಿದ್ರ ಯಾರಿಗೆ ಕಾಣತೈತಿ?”

ಅಪ್ಪಾಸಾಬ ಚೀಲದಿಂದ ಒಂದು ಸಣ್ಣ ರಬ್ಬರಿನ ಪಂಪು ತೆಗೆದ. ಕ್ಯಾಮರಾದ ಲೆನ್ಸಿನ ಧೂಳು ಊದುವಂಥದ್ದು. ನಾಲ್ಕು ಸಲ ಪುಸ್ ಪುಸ್ ಅನ್ನಿಸಿದ. ವಿಭೂತಿಯ ಹೊಗೆ ಎದ್ದು ಗುರುಲಿಂಗಪ್ಪನ ಮೀಸೆಯ ಮೇಲೆ ಕೂತಿತು. ವೈರು ಚುಚ್ಚಿದ. ‘ಟುಡುಂಗ್!’ ಎಲ್ಲರೂ ಉಸಿರು ಹಿಡಿದು ಕಾದರು. ಎರಡನೆಯ ಸದ್ದು ಬರಲಿಲ್ಲ.

“ಸಾಕು, ಇನ್ನ ಸರಿ. ನಾ ಮಾಡ್ತೇನಿ” ಎಂದು ಗುರುಲಿಂಗಪ್ಪ ಅವನನ್ನು ಬದಿಗೆ ಸರಿಸಿ ಕುರ್ಚಿ ಏರಿದ.

“ಕಾಪಿ ಅಂತ ಒತ್ತರಿ, ಸಾವಕಾರ್ರ. ಕಟ್ ಒತ್ತಬ್ಯಾಡ್ರಿ. ಕಾಪಿ ಮಾಡಿದ್ರ ಅಲ್ಲೂ ಇರತೈತಿ, ಇಲ್ಲೂ ಇರತೈತಿ.”

ಇಪ್ಪತ್ತು ವರ್ಷ ಗೋಡೌನಿನಿಂದ ಅಂಗಡಿಗೆ ತೊಗರಿ ಬೀಜದ ಚೀಲ ಸಾಗಿಸಿದವನಿಗೆ ಈ ಮಾತು ಹಿಡಿಸಲಿಲ್ಲ. “ಹ್ಯಾಂಗಿರತೈತಿ? ಚೀಲ ಅಲ್ಲಿಂದ ಎತ್ತಿದ್ರ ಅಲ್ಲಿಲ್ಲ, ಇಲ್ಲಿ ಇಳಿಸಿದ್ರ ಇಲ್ಲೈತಿ. ಒಂದ ಮಾಲು ಎರಡೂ ಕಡೆ ಐತಿ ಅಂತ ತೋರಿಸಿದ್ರ ನನ್ನ ಲೈಸೆನ್ಸ್ ಕಸ್ಗೋತಾರ” ಎಂದು ಕಟ್ ಒತ್ತಿದ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಗರ್ಭಿಣಿಯ ನಡಿಗೆಯಲ್ಲಿ ಸರಿಯಿತು. ಎಂಬತ್ತೆರಡು ಫೋಟೋ, ಹದಿನೈದು ವಿಡಿಯೋ ಫೋನಿನಿಂದ ಎದ್ದು ಕಂಪ್ಯೂಟರಿಗೆ ನಡೆದು ಬಂದವು. ಗೋಡೌನ್ ಖಾಲಿ. ಗಂಟೆ ಎರಡು.

ಫೋಟೋ ಮೊದಲು ನೋಡಿದರು. ಫೋನಿನ ಅಂಗೈಯಗಲದ ಗಾಜಿನಲ್ಲಿ ಕಾಣದ್ದು ದೊಡ್ಡ ಪರದೆಯಲ್ಲಿ ಕಂಡಿತು. ಮೊದಲನೆಯದರ ಎಡಮೂಲೆಯಲ್ಲಿ ಒಂದು ಹೆಬ್ಬೆರಳು. ಎರಡನೆಯದರಲ್ಲೂ. ಐವತ್ತನೆಯದರ ಹೊತ್ತಿಗೆ, ಆ ಕುಬಸ ಹೆಬ್ಬೆರಳಿನದೇ ಇರಬೇಕು, ಹಿಂದೆ ಕೂತ ಹಸಿರು ಸೀರೆಯಾಕೆ ಬೀಗರ ಪೈಕಿ ಯಾರೋ ಅನ್ನುವಂತಾಯಿತು.

“ಅಕ್ಕಾ, ನನ್ನ ಮಾರಿ ಒಂದರಾಗೂ ಪೂರಾ ಇಲ್ಲಲ್ಲ” ಎಂದಳು ವಿಜಯಲಕ್ಷ್ಮಿ, ಅಳುವಂತಾಗಿ.

“ಫೋಟೋ ಹೋಗ್ಲಿ ಬಿಡವಾ. ವಿಡಿಯೋ ನೋಡು, ವಿಡಿಯೋ!” ಎಂದ ಗುರುಲಿಂಗಪ್ಪ. ವಿಡಿಯೋದ ಮೇಲೆ ಅವನಿಗೆ ಪೂರ್ಣ ವಿಶ್ವಾಸ. ಫೋನಿನಲ್ಲಿ ಅದನ್ನು ಹತ್ತು ಸಲ ನೋಡಿದ್ದ. ಚಿತ್ರ ಸೊಗಸಾಗಿತ್ತು, ದನಿ ಮಾತ್ರ ಸೊಳ್ಳೆ ಗುಯ್‌ಗುಟ್ಟಿದಂತಿತ್ತು.

“ಹಾಡು ಚಂದ ಕೇಳಲಿ” ಎಂದು ಅಪ್ಪಾಸಾಬ ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೂ ತಿರುವಿದ. ಅದೂ ಸೊಲ್ಲಾಪುರದ್ದೇ, ಎರಡು ಸಣ್ಣ ಡಬ್ಬಿ, ಕೆಳಗೆ ಎದೆ ನಡುಗಿಸುವ ಒಂದು ದೊಡ್ಡ ಡಬ್ಬಿ.

ಪರದೆಯ ಮೇಲೆ ವಿಜಯಲಕ್ಷ್ಮಿ ಕಂಡಳು. ಗುರವ್ವ ಆರತಿ ಹಿಡಿದು ಬಂದಳು. ದೂರದಲ್ಲೆಲ್ಲೋ ಹೆಂಗಸರು ಹಾಡುತ್ತಿದ್ದರು. ಹತ್ತಿರದಲ್ಲಿ, ಬಹಳ ಹತ್ತಿರದಲ್ಲಿ, ಪಕ್ಕದಲ್ಲಿ ನಿಂತ ಗೆಳೆಯನಿಗೆ ಹೇಳುವಂತೆ, ಆಕಾಶವಾಣಿಯಂಥ ಒಂದು ದನಿ ಎದ್ದಿತು:

“ಸಿದ್ರಾಮ, ನಮ್ಮತ್ತೀನ ನೋಡಲೇ. ಆರತಿ ಹಿಡಿಯಾಕ ಕೈ ನಡಗತಾವಂತ. ಬಂದ ಸೀರ್‍ಯಾಗ ಚಲೋ ಸೀರಿ ಆರಿಸಿ ಇಟ್ಕೊಳ್ಳೂವಾಗ ಒಂದ ಬಟ್ಟು ನಡಗಲಿಲ್ಲ.”

ಗುರವ್ವನ ಅಡಕೊತ್ತು ನಿಂತಿತು. ಗುರುಲಿಂಗಪ್ಪ ಬಂದ್ ಮಾಡುವ ಗುಂಡಿ ಹುಡುಕಿದ. ಸಿಕ್ಕಿದ್ದು ಮುಂದಿನ ವಿಡಿಯೋ.

“ಇಕಾ, ನಮ್ಮಾಕಿ ಹಾಡಾಕ ಸುರು ಮಾಡಿದ್ಳು. ಇನ್ನ ಹೊಟ್ಯಾಗಿನ ಕೂಸು ಕಿವಿ ಮುಚ್ಕೋತೈತಿ ನೋಡು.”

ವಿದ್ಯಾವತಿ ಲಟ್ಟಣಿಗೆಯನ್ನು ಮಂಚದ ಮೇಲೆ ಇಟ್ಟಳು. ಅದು ಕೈಯಲ್ಲಿರುವುದು ಕ್ಷೇಮವಲ್ಲ ಅನಿಸಿರಬೇಕು.

“ಯಾರ ದನಿ ಇದು?” ಗುರವ್ವ ಕೇಳಿದಳು.

ಉತ್ತರ ಕೊಡುವ ಭಾರವನ್ನು ಅಪ್ಪಾಸಾಬ ಬಹಳ ವಿನಯದಿಂದ ಹೊತ್ತ. “ಹಾಡಾವ್ರು ದೂರ ಇರ್ತಾರ್‍ರಿ ಅವ್ವಾರ. ಫೋನ್ ಹಿಡದವ್ರ ಬಾಯಿ ಮೈಕಿಗೆ ಗೇಣು ದೂರ. ಅದಕ್ಕ ನಾವು ಶೂಟಿಂಗಿನ್ಯಾಗ ಬಾಯಿ ಮುಚ್ಕೊಂಡಿರ್ತೇವ್ರಿ. ನಮ್ಮ ಕೆಲಸದಾಗ ಅರ್ಧಾ ಅದ ಐತಿ.”

“ಅಳಸಿ ಬಿಡು! ಎಲ್ಲಾ ಅಳಸಿ ಬಿಡು!” ಗುರುಲಿಂಗಪ್ಪ ಚೀರಿದ. “ಫೋನಿನ್ಯಾಗಿಂದು ಮತ್ತ ತಗೊಂಡು, ದನಿ ಇಲ್ಲದಂಗ...”

“ಫೋನಿನ್ಯಾಗ ಎಲ್ಲೈತ್ರಿ? ನೀವು ಚೀಲ ಎತ್ತೀರಲ್ಲ. ಇದ್ದದ್ದು ಇದೊಂದ. ಇದನ್ನ ಅಳಿಸಿದ್ರ ತಂಗೀದು ಕುಬಸ ಆಗೇ ಇಲ್ಲ ಅಂದಂಗ. ದನಿ ತಗಿಯಾಕ ಬರತೈತಿ, ಸ್ಟುಡಿಯೋಕ್ಕ ಒಯ್ದು ಮಾಡಬೇಕು. ನಾಳೆ ಸಂಜೀಕ ಕೊಡ್ತೇನಿ.”

ಬಸ್ಸು ಮೂರೂವರೆಗೆ.

“ಹಂಗಾರ ಫೋಟೋ ಅಷ್ಟ ಕಳಸೂನು.”

“ಮಾಮಾ, ನಿಮ್ಮ ಬಟ್ಟು ನೋಡಿ ಅವ್ರೇನ್ ಮಾಡ್ತಾರ?” ಎಂದಳು ವಿಜಯಲಕ್ಷ್ಮಿ.

ಈ ಗದ್ದಲದಲ್ಲಿ ಮೂರನೆಯ ವಿಡಿಯೋ ತಾನಾಗಿ ಶುರುವಾಗಿತ್ತು. ಹೆಂಗಸರು ಉಡಿ ತುಂಬುತ್ತಿದ್ದರು. ಪರದೆಯ ಮೇಲಿನ ವಿಜಯಲಕ್ಷ್ಮಿ ಅವರ ಕಡೆ ನೋಡುತ್ತಿರಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ ಮಂದಿಯ ನಡುವಿನಿಂದ ಏನನ್ನೋ ನೋಡುತ್ತಿದ್ದಳು. ಆಕಾಶವಾಣಿ ಮತ್ತೆ ಎದ್ದಿತು. ಈ ಸಲ ಕೊಂಚ ತಗ್ಗಿದ ದನಿ:

“ಅಂವಾ ಮಿಲಿಟ್ರಿ ಮನಷಾ ಅಲ್ಲಿ ಗಡಿ ಕಾಯ್ಕೋತ ಕುಂತಾನ. ಈಕಿ ನೋಡಲೇ ಸಿದ್ರಾಮ, ಮುಂಜಾನಿಂದ ಬಾಗಲಾ ಕಾಯಾಕತ್ತಾಳ. ಯಾರ ಬಂದ್ರೂ ಕುತಿಗಿ ಎತ್ತತಾಳ.”

ವಿಜಯಲಕ್ಷ್ಮಿಯ ಕಣ್ಣು ತುಂಬಿ ಬಂದಿತ್ತು. ಅವತ್ತು ತಾನು ಹಾಗೆ ನೋಡಿದ್ದು ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಿದ್ದಳು. ಅವ್ವನಿಗೂ ಗೊತ್ತಾಗಿರಲಿಲ್ಲ, ಅಕ್ಕನಿಗೂ ಗೊತ್ತಾಗಿರಲಿಲ್ಲ. ಈ ಹರಟೆಮಲ್ಲ ಮಾಮಾನ ಕಣ್ಣಿಗೆ ಬಿದ್ದಿತ್ತು.

“ಇದನ್ನ ಕಳಸ್ರಿ” ಎಂದಳು. “ಹಿಂಗ, ದನಿ ಸಮೇತ. ನಾ ಚೀಟ್ಯಾಗ ಬರಿಯಾಕ ಬರಲಾರದ್ದು ಇದರಾಗ ಐತಿ.”

“ಬ್ಯಾಡವಾ! ಅಲ್ಲಿ ಅವನ ಪೂರಾ ತುಕಡಿ ಕುಂತು ನೋಡತೈತಿ. ನಿಮ್ಮವ್ವಂದು, ನಿಮ್ಮಕ್ಕಂದು ಮರ್ಯಾದಿ...” ಗುರುಲಿಂಗಪ್ಪನಿಗೆ ಅವರಿಬ್ಬರ ಮರ್ಯಾದೆಯ ಬಗ್ಗೆ ಇಷ್ಟು ಕಳಕಳಿ ಹಿಂದೆಂದೂ ಹುಟ್ಟಿರಲಿಲ್ಲ.

“ನಮ್ಮದಿರಲಿ” ಎಂದಳು ಗುರವ್ವ, ಮಂಚದ ಮೇಲೆ ಇನ್ನೂ ಗಟ್ಟಿಯಾಗಿ ಕೂತು. “ಸಣ್ಣ ಅಳಿಯಂದಿರಿಗೂ ಗೊತ್ತಾಗಲಿ, ದೊಡ್ಡ ಅಳಿಯಂದಿರು ಎಂಥವ್ರು ಅಂತ. ಕಳಸೂನು. ಆದ್ರ ಏನೇನು ಹೊಂಟೈತಿ ಅನ್ನೂದನ್ನ ಮೊದಲ ಪೂರಾ ನೋಡೂನು. ಎಷ್ಟ ಅದಾವಪಾ ಇನ್ನ?”

“ಹನ್ನೆರಡು ಅದಾವ್ರಿ” ಎಂದ ಅಪ್ಪಾಸಾಬ, ನಾಲ್ಕನೆಯದನ್ನು ಹಚ್ಚುತ್ತ. “ಸೀಡಿ ಬರಿಯಾಕ ಹತ್ತು ಮಿನಿಟು ಸಾಕು. ಟೈಮ್ ಐತಿ.”

ನಾಲ್ಕನೆಯದು ಊಟದ ಪಂಕ್ತಿ. ವಿದ್ಯಾವತಿ ಹೋಳಿಗೆ ಬಡಿಸುತ್ತ ಬರುತ್ತಿದ್ದಳು. ಆಕಾಶವಾಣಿ ನಿಟ್ಟುಸಿರು ಬಿಟ್ಟಿತು.

“ಸಿದ್ರಾಮ, ನಿನಗ ಹೇಳಿಲ್ಲೇನು? ಆಗ ನನಗ ಇಬ್ಬರು ಕನ್ಯಾ ತೋರಿಸಿದ್ರಪಾ...”

“ಇಬ್ಬರು?” ವಿದ್ಯಾವತಿ ಗಂಡನ ಕಡೆ ತಿರುಗಿದಳು. ದನಿ ಬಹಳ ಮೆತ್ತಗಿತ್ತು. “ನನ್ನೊಬ್ಬಾಕೀನ್ನ ನೋಡಿ ಒಪ್ಪಿದ್ದು ಅಂತ ಹದಿನೆಂಟು ವರ್ಷ ಹೇಳೀರಲ್ಲ. ಯಾರು ಇನ್ನೊಬ್ಬಾಕಿ?”

“ಅಮೋಘಸಿದ್ಧ ಬಂದಾನೇನು, ನೋಡಿ ಬರ್ತೇನಿ” ಎಂದು ಗುರುಲಿಂಗಪ್ಪ ಚಪ್ಪಲಿಯಲ್ಲಿ ಕಾಲು ತೂರಿಸಿದ.

“ನಿಮ್ಮನ್ನ ಕೇಳಾಕತ್ತೇನಿ ನಾ. ಯಾವೂರಾಕಿ?”

ಅವನು ಹೊಸ್ತಿಲು ದಾಟಿದ್ದ. ಬಸ್‌ಸ್ಟ್ಯಾಂಡಿನ ಕಡೆ, ಬಸ್ಸು ಹತ್ತಬೇಕಾದವನು ತಾನೇ ಎಂಬಂತೆ ನಡೆಯುತ್ತಿದ್ದ. ಪಡಸಾಲೆಯಿಂದ ಅವನದೇ ದನಿ, ಎದೆ ನಡುಗಿಸುವ ಡಬ್ಬಿಯ ಸಮೇತ, ಓಣಿಯ ತಿರುವಿನವರೆಗೂ ಬೆನ್ನ ಹಿಂದೆ ಬಂತು:

“ಚಡಚಣದಾಕಿ, ಸಿದ್ರಾಮ... ಆಹಾ, ಏನ್ ಹೇಳ್ಲಿ...”