ಐಸ್ ಅಲ್ಲೇ ಇದೆ, ಗುಂಡೂ ಅವರೇ ಕೊಡ್ತಾರೆ

ನಾನು ಸುಳ್ಳು ಹೇಳುವವನಲ್ಲ. ಬೇರೆಯವರ ಸುಳ್ಳನ್ನು ಹಿಡಿಯುವವನು. ನನಗೆ ಸಂಬಳ ಬರುವುದೇ ಅದಕ್ಕೆ. ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್. ಮಾತ್ರೆ ಮಾಡುವವರು ಬೇರೆ, ಮಾರುವವರು ಬೇರೆ. ಮಾಡಿದ್ದನ್ನು ಕಾಗದದಲ್ಲಿ ಸರಿಯಾಗಿ ಬರೆದಿದ್ದಾರಾ ಅಂತ ನೋಡಿ ಮುಖ ಸಿಂಡರಿಸುವುದು ಮಾತ್ರ ನನ್ನ ಕೆಲಸ. ಹೆಸರು ಪ್ರಸನ್ನ ಅಂದರೆ ಕಾರ್ಖಾನೆಯಲ್ಲಿ ಯಾರೂ ನಂಬುವುದಿಲ್ಲ. ನಮ್ಮಲ್ಲಿ ಪ್ರತಿ ಕಾಗದದ ಕೆಳಗೂ ಎರಡು ಸಹಿ ಬೀಳಬೇಕು, ಒಂದು ‘ಮಾಡಿದವರು’, ಇನ್ನೊಂದು ‘ಪರಿಶೀಲಿಸಿದವರು’. ಬರೆಯದೆ ಇದ್ದರೆ ಆ ಕೆಲಸ ಆಗಿಲ್ಲ ಅಂತಲೇ ಅರ್ಥ; ಬರೆದಿದ್ದರೆ ಆಗಿರಲೇಬೇಕು. ಒಮ್ಮೆ ಒಬ್ಬ ಆಪರೇಟರ್ ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ ಮಷೀನ್ ತೊಳೆದೆ ಅಂತ ಬರೆದಿದ್ದ. ಅವನೊಬ್ಬನ ತಪ್ಪಿಗೆ ಇಡೀ ವಿಭಾಗವನ್ನು ಎರಡು ದಿನ ಕೂರಿಸಿ ಸತ್ಯದ ಮಹಿಮೆ ಕೊರೆದಿದ್ದೆ. ಮೂರು ಜನ ನಿದ್ದೆ ಮಾಡಿದರು. ಅದನ್ನೂ ಬರೆದಿಟ್ಟೆ.

ಇಂಥ ನಾನು, ಮಗಳ ಶಾಲೆಯ ಒಂದು ಫಾರಂನಲ್ಲಿ ಎಂಟು ಪ್ರಶ್ನೆಗೆ ಎಂಟು ಸುಳ್ಳು ಬರೆದು, ಒಳ್ಳೆಯ ಪೆನ್ನಿನಲ್ಲಿ ಸಹಿ ಹಾಕಿದೆ.

ತಪ್ಪು ನನ್ನದಲ್ಲ, ಶಾಲೆಯ ಆಟದ ಮೇಷ್ಟ್ರದು. ಅವರು ಕೆನಡಾದವರು. ಭೂಮಧ್ಯರೇಖೆಯ ಪಕ್ಕದಲ್ಲಿ ಕೂತು ಊರಿನ ಹಿಮ ನೆನಪಾಗಿ ಅವರಿಗೆ ಸಂಕಟವಾಗಿರಬೇಕು. ಬೇರೆಯವರಾಗಿದ್ದರೆ ಮನೆಗೆ ಫೋನ್ ಮಾಡಿ ಸುಮ್ಮನಾಗುತ್ತಿದ್ದರು. ಇವರು ಸುಮ್ಮನಾಗಲಿಲ್ಲ, ನೈರೋಬಿಯಲ್ಲಿರುವ ಒಂದೇ ಒಂದು ಐಸ್ ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ, ಹುಡುಕಿ, ಮಕ್ಕಳೂ ದೊಡ್ಡವರೂ ಜೋಡಿಯಾಗಿ ಆಡುವ ಕರ್ಲಿಂಗ್ ಪಂದ್ಯ ಇಟ್ಟರು. ಕರ್ಲಿಂಗ್ ಅಂದರೆ ಕೂದಲು ಗುಂಗುರು ಮಾಡಿಸುವುದಲ್ಲ. ನಾನೂ ಮೊದಲು ಹಾಗೇ ಅಂದುಕೊಂಡು ‘ನನಗೆ ಇರೋದೇ ನಾಲ್ಕು ಕೂದಲು’ ಅಂದಿದ್ದೆ. ಇಪ್ಪತ್ತು ಕೆಜಿ ಹತ್ತಿರದ ಒಂದು ಗ್ರಾನೈಟ್ ಗುಂಡು, ಅದಕ್ಕೊಂದು ಹಿಡಿ. ಅದನ್ನು ಮಂಜುಗಡ್ಡೆಯ ಮೇಲೆ ನಿಧಾನವಾಗಿ ಜಾರಿಸಿ ಬಿಡಬೇಕು. ದೂರದಲ್ಲಿ ಬಣ್ಣದ ವೃತ್ತಗಳಿರುತ್ತವೆ, ಅದರ ಹೆಸರು ಹೌಸ್. ಗುಂಡು ಮನೆ ಸೇರಬೇಕು. ಅದು ದಾರಿಯಲ್ಲೇ ಸುಸ್ತಾಗಿ ನಿಲ್ಲದ ಹಾಗೆ ಇನ್ನೊಬ್ಬ ಅದರ ಮುಂದೆ ಓಡುತ್ತಾ, ಉದ್ದ ಕೋಲಿನ ಬ್ರಷ್ ಹಿಡಿದು ಮಂಜನ್ನು ಗಸಗಸ ಗುಡಿಸಬೇಕು. ಗುಡಿಸಿದರೆ ನೆಲ ಚೂರು ಬಿಸಿಯಾಗಿ ಗುಂಡು ಇನ್ನಷ್ಟು ದೂರ ಹೋಗುತ್ತದಂತೆ. ಕಸವೇ ಇಲ್ಲದ ಕಡೆ ಪ್ರಾಣ ಹೋಗುವ ಹಾಗೆ ಗುಡಿಸುವ ಈ ಕೆಲಸಕ್ಕೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಕೊಡುತ್ತಾರೆ. ನನ್ನ ಹೆಂಡತಿ ವಸುಧಾ ಇದನ್ನು ಕೇಳಿ ಮೂಲೆಯ ಪೊರಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಆ ಗುಂಡಿನ ಜಂಬ ಬೇರೆ. ಅದು ಸ್ಕಾಟ್ಲೆಂಡಿನ ಕರಾವಳಿಯಾಚೆಗಿನ ಒಂದು ಪುಟ್ಟ ದ್ವೀಪದ ಕಲ್ಲೇ ಆಗಬೇಕಂತೆ, ಬೇರೆ ಕಡೆಯ ಗ್ರಾನೈಟ್ ನೀರು ಹೀರಿ ಬಿರುಕು ಬಿಡುತ್ತದಂತೆ. ನಾನು ಚಾಮರಾಜನಗರದ ಕಡೆಯವನು. ನಮ್ಮ ಕರಿಕಲ್ಲು ಹಡಗು ಹತ್ತಿ ಪರದೇಶದ ಸ್ಮಶಾನಗಳಿಗೆಲ್ಲ ಹೋಗುತ್ತದೆ. ಸತ್ತವರಿಗೆ ಆಗುವ ಕಲ್ಲು ಆಡುವವರಿಗೆ ಯಾಕೆ ಆಗಲ್ಲ ಅಂತ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಫಿಟ್‌ನೆಸ್ ಫಾರಂ ಕೈಗಿಟ್ಟರು.

ವಾರಕ್ಕೆ ಮೂರು ಸಲ ಬೆವರು ಬರುವಷ್ಟು ವ್ಯಾಯಾಮ ಮಾಡುತ್ತೀರಾ? ಹೌದು. ಒಂದು ನಿಮಿಷ ಮೊಣಕೈ ಮೇಲೆ ಹಲಗೆಯ ಹಾಗೆ ನಿಲ್ಲಬಲ್ಲಿರಾ? ಹೌದು. ಹೀಗೇ ಎಂಟಕ್ಕೆ ಎಂಟೂ ಹೌದು. ಸಂಜೆ ಆ ಫಾರಂ ನನ್ನ ಮಗಳು ಸಿರಿಯ ಕೈಗೆ ಸಿಕ್ಕಿತು. ಅವಳಿಗೆ ಹನ್ನೆರಡು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ನೇಹಿತೆಯರ ಎದುರು ನಾನು ‘ಊಟ ಮಾಡಿದ್ಯಾ ಕಂದಾ’ ಅಂದರೆ ನನ್ನನ್ನು ಯಾರೋ ದಾರಿಹೋಕನ ಹಾಗೆ ನೋಡುತ್ತಾಳೆ. ಅವಳು ಫಾರಂ ಓದಿ, ನನ್ನನ್ನು ನೋಡಿ, ಮತ್ತೆ ಫಾರಂ ನೋಡಿದಳು. “ಅಪ್ಪಾ, ದಿಸ್ ಈಸ್ ಎ ಡೇಟಾ ಇಂಟೆಗ್ರಿಟಿ ಇಶ್ಯೂ” ಅಂದಳು. ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಿಲ್ಲ ಅಂತ ನಾನು ಮನೆಯಿಂದ ಫೋನಿನಲ್ಲಿ ಜನರನ್ನು ಬೈಯುವಾಗ ಬಳಸುವ ಮಾತು ಅದು. ನನ್ನ ಶಸ್ತ್ರದಿಂದಲೇ ನನಗೆ ಹೊಡೆದಳು.

ಆಮೇಲೆ ಫಾರಂ ಮಡಿಚಿ ಬ್ಯಾಗಿಗೆ ಹಾಕಿಕೊಂಡು, ತಾನು ನಾಗರಾಜ್ ಅಂಕಲ್ ಜೊತೆ ಆಡುತ್ತೇನೆ ಅಂದಳು. ನಾಗರಾಜ್ ನನ್ನ ಸ್ನೇಹಿತ, ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ಐಟಿ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು ಕಾಡಿನ ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿ, ಓಡಿದ ನಕ್ಷೆಯನ್ನು ಎಲ್ಲರಿಗೂ ಕಳಿಸುವ ಮನುಷ್ಯ. ಸಕ್ಕರೆ ಇಲ್ಲ, ಕರಿದದ್ದಿಲ್ಲ, ಕುಡಿತವಂತೂ ಕೇಳಲೇಬೇಡಿ. ಶಾಲೆಯ ನಿಯಮದಲ್ಲಿ ಅಪ್ಪನೇ ಬರಬೇಕು ಅಂತ ಇರಲಿಲ್ಲ, ಗೊತ್ತಿರುವ ಯಾವ ದೊಡ್ಡವರಾದರೂ ಸಾಕಿತ್ತು. ನಾನು ನಕ್ಕೆ, ಆದರೆ ಆ ಮಾತು ಚುಚ್ಚಿತು. ನಿಜ ಹೇಳುತ್ತೇನೆ, ಬಹಳ ಚುಚ್ಚಿತು. ಮಗಳು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ ಅಪ್ಪನನ್ನು ಬಿಟ್ಟು ಅಪ್ಪನ ಸ್ನೇಹಿತನನ್ನು ಆರಿಸಿದರೆ ಯಾವ ಅಪ್ಪನಿಗೆ ತಾನೇ ಊಟ ಸೇರುತ್ತೆ? ನನಗೆ ಸೇರಿತು, ಅದು ಬೇರೆ ವಿಷಯ. ಆದರೆ ರುಚಿಸಲಿಲ್ಲ.

“ಮೂರು ವಾರ ಟೈಮ್ ಕೊಡು. ಫಾರಂನಲ್ಲಿ ಬರೆದದ್ದನ್ನೆಲ್ಲ ನಿಜ ಮಾಡ್ತೀನಿ” ಅಂದೆ. ಸಿರಿ ಯೋಚಿಸಿ, ರಿಂಕ್‌ನಲ್ಲಿ ಒಂದು ಪ್ರಾಕ್ಟೀಸ್ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಅಂದಳು. ಕಾರ್ಖಾನೆಯಲ್ಲಿ ನಾನು ಸಪ್ಲೈಯರ್‌ಗಳಿಗೆ ಹೇಳುವುದೂ ಹೀಗೇ.

ಮಾರನೇ ದಿನದಿಂದ ತಯಾರಿ ಶುರುವಾಯಿತು. ವಸುಧಾ ಊರಿನಿಂದ ಹೊತ್ತು ತಂದ ವೆಟ್ ಗ್ರೈಂಡರಿನ ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಇಳಿಸಿದೆ. ನಾಲ್ಕನೇ ಸಲಕ್ಕೆ ಸೊಂಟ ಹಿಡಿದು, ಕಲ್ಲುಗಳನ್ನು ವಾಪಸ್ ಗ್ರೈಂಡರಿಗೆ ಇಡಲಾಗದೆ, ಆ ಶನಿವಾರ ಮನೆಯಲ್ಲಿ ದೋಸೆ ತಪ್ಪಿತು. ಆಮೇಲೆ ಗುಡಿಸುವ ಅಭ್ಯಾಸ. ಬಚ್ಚಲು ಉಜ್ಜುವ ಉದ್ದ ಬ್ರಷ್ ಹಿಡಿದು, ಕಾಲಿಗೆ ಸಾಕ್ಸ್ ಹಾಕಿಕೊಂಡು, ಹಾಲಿನ ಟೈಲ್ಸ್ ಮೇಲೆ ಬಾಗಿಲಿನಿಂದ ಬಾಲ್ಕನಿವರೆಗೆ ಗುಡಿಸುತ್ತಾ ಓಡಿದೆ. ನಮ್ಮ ಮನೆಗೆಲಸದಾಕೆ ಮಾಮಾ ಅಟಿಯೆನೊ (ಇಲ್ಲಿ ಮಾಮಾ ಅಂದರೆ ಅಮ್ಮ) ಅಡುಗೆಮನೆಯಿಂದ ಬಂದು ನೋಡಿ ಅಲ್ಲೇ ನಿಂತುಬಿಟ್ಟಳು. ಆರು ವರ್ಷದಲ್ಲಿ ನಾನು ಪೊರಕೆ ಮುಟ್ಟಿದ್ದನ್ನು ಅವಳು ನೋಡಿದವಳಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, “ಬಾಸ್, ನಾನೇನು ತಪ್ಪು ಮಾಡಿದೆ? ನನ್ನನ್ನು ಬಿಡಿಸ್ತಿದೀರಾ?” ಅಂತ ಕೇಳಿದಳು. ಇದು ಆಟ, ಒಲಿಂಪಿಕ್ಸ್‌ನಲ್ಲಿದೆ ಅಂತ ವಿವರಿಸಿದೆ. ಅವಳು “ಪೋಲೆ ಸಾನಾ” ಅಂದಳು. ಅಯ್ಯೋ ಪಾಪ ಅನ್ನುವುದಕ್ಕೆ ಇಲ್ಲಿನವರ ಮಾತು ಅದು. ಮರುದಿನ ಅವಳೇ ಕೈ ಹಿಡಿದು ಕಲಿಸಿದಳು. “ತೋಳಿನಿಂದ ಅಲ್ಲ ಬಾಸ್, ಸೊಂಟದಿಂದ. ಭಾರ ಕೋಲಿನ ಮೇಲೆ ಬಿಡಿ.” ಮುಂದೆ ಮೇಷ್ಟ್ರು ಇದನ್ನೇ ದೊಡ್ಡ ವಿದ್ಯೆಯ ಹಾಗೆ ಹೇಳಿಕೊಟ್ಟಾಗ ನನಗೆ ನಗು ಬಂತು.

ಪ್ರಾಕ್ಟೀಸ್‌ಗೆ ರಿಂಕ್ ಸಿಗಬೇಕಾದರೆ ಕನಿಷ್ಠ ಆರು ಜನ ಇರಬೇಕಿತ್ತು. ನಮ್ಮ ಕನ್ನಡದವರ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ. ಕರ್ಲಿಂಗ್ ಅಂತ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ ಅಂತ ಅಚ್ಚ ಕನ್ನಡದಲ್ಲಿ ಬರೆದೆ: “ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗುಂಡಿನ ಕಾರ್ಯಕ್ರಮ ಇದೆ. ಆಸಕ್ತರು ಬನ್ನಿ. ಐಸ್ ಅಲ್ಲೇ ಇದೆ, ಗುಂಡೂ ಅವರೇ ಕೊಡ್ತಾರೆ.” ವಿಳಾಸವನ್ನೂ ಹಾಕಿದೆ. ಯುಗಾದಿಗೆ ಕರೆದರೆ ‘ನೋಡೋಣ’ ಅನ್ನುವ ಗ್ರೂಪು ಇದು. ಹತ್ತು ನಿಮಿಷದಲ್ಲಿ ಹದಿನಾಲ್ಕು ಹೆಬ್ಬೆರಳು ಬಂದವು. ಒಬ್ಬರು ‘ಇಷ್ಟು ಬೇಗನಾ?’ ಅಂತ ಕೇಳಿದರು. ‘ಬೇಗ ಶುರು ಮಾಡಿದ್ರೆ ಜಾಸ್ತಿ ಹೊತ್ತು ಆಗುತ್ತೆ’ ಅಂತ ಉತ್ತರಿಸಿದೆ. ನಾಗರಾಜ್ ಒಬ್ಬನೇ ‘ಪ್ರಸನ್ನ, ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ’ ಅಂತ ಬರೆದ. ನಾನು ಆಟಕ್ಕೆ ಇಳಿದದ್ದು ಅವನಿಗೆ ಹೊಟ್ಟೆಕಿಚ್ಚು ಅಂತ ಸಂತೋಷಪಟ್ಟೆ.

ಭಾನುವಾರ ಹದಿಮೂರು ಜನ ಗಂಡಸರು ರಿಂಕ್ ಬಾಗಿಲಲ್ಲಿ ಹಬ್ಬದ ಮುಖ ಹೊತ್ತು ನಿಂತಿದ್ದರು. ಒಬ್ಬರ ಕೈಯಲ್ಲಿ ಕೋಡುಬಳೆಯ ಡಬ್ಬ, ಇನ್ನೊಬ್ಬರ ಕೈಯಲ್ಲಿ ಖಾರದ ಕಡಲೆಬೀಜ. ವೆಸ್ಟ್‌ಲ್ಯಾಂಡ್ಸ್‌ನಿಂದ ಮೂವರು ವಾಪಸ್ ಹೋಗುವಾಗ ಕಷ್ಟ ಅಂತ ಕಾರು ಬಿಟ್ಟು ಟ್ಯಾಕ್ಸಿಯಲ್ಲಿ ಬಂದಿದ್ದರು. ನಾನು ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋಗಿ ಗುಂಡು ತೋರಿಸಿದೆ. ಕಲ್ಲನ್ನು ನೋಡಿದರು, ಮಂಜನ್ನು ನೋಡಿದರು, ನನ್ನನ್ನು ನೋಡಿದರು. ಕೋಡುಬಳೆಯವರು ಮೆಲ್ಲಗೆ, “ಪ್ರಸನ್ನ ಅವರೇ, ಇದೇನಾ ಗುಂಡು?” ಅಂದರು. ಅಷ್ಟರಲ್ಲಿ ವಸುಧಾಳ ಫೋನು. ನಾಲ್ಕು ಮನೆಯ ಹೆಂಗಸರು ಅವಳಿಗೆ ಫೋನ್ ಮಾಡಿ ಉಗಿದಿದ್ದರು. “ರೀ, ಮಗು ಜೊತೆಗಿದ್ದಾಳೆ ಅನ್ನೋ ಜ್ಞಾನ ಬೇಡ್ವಾ ನಿಮಗೆ?” ಅಂತ ಶುರು ಮಾಡಿದವಳು, ನಾನು ವಿಷಯ ಹೇಳಿದ ಮೇಲೆ ನಗುವುದನ್ನು ನಿಲ್ಲಿಸಲಾಗದೆ ಫೋನ್ ಇಟ್ಟಳು. ಸಿರಿಗೆ ಗುಂಡಿನ ಎರಡನೇ ಅರ್ಥ ಗೊತ್ತಿರಲಿಲ್ಲ. ಯಾರೋ ಅಂಕಲ್ ವಿವರಿಸಿದರು. ಮಗಳ ಕನ್ನಡ ಜ್ಞಾನ ಆ ದಿನ ಹೀಗೆ ಬೆಳೆಯಿತು.

ಬಂದವರು ಸುಮ್ಮನೆ ಮನೆಗೆ ಹೋದರೆ ಇನ್ನೂ ಅವಮಾನ ಅಂತ ಆಟಕ್ಕೆ ನಿಂತರು. ಹದಿಮೂರು ಹೊಟ್ಟೆಗಳು ಮಂಜಿನ ಮೇಲೆ ಒಂದನ್ನೊಂದು ಹಿಡಿದುಕೊಂಡು ನಡೆಯುವ ದೃಶ್ಯವನ್ನು ಮೇಷ್ಟ್ರು ಎರಡು ಫೋನಿನಲ್ಲಿ ಹಿಡಿದರು. ನನ್ನನ್ನು ತಿದ್ದಲೆಂದೇ ಬಂದಿದ್ದ ನಾಗರಾಜ್ ಮಾತ್ರ ಠೀವಿಯಿಂದ ಗುಂಡು ಎಸೆದ. ಅದು ಮನೆ ದಾಟಿ, ಹಿಂದಿನ ಗೋಡೆಗೆ ಧಡ್ ಅಂತ ಹೊಡೆಯಿತು. ಮೂರು ಸಲವೂ ಅದೇ. ಓಡಿ ಓಡಿ ಗಳಿಸಿದ ಶಕ್ತಿಯನ್ನು ಮೆತ್ತಗೆ ಬಳಸುವುದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಸಿರಿ ಎಸೆದಳು, ನಾನು ಗುಡಿಸಿದೆ. ಅಟಿಯೆನೊ ಹೇಳಿದ ಹಾಗೆ, ಸೊಂಟದಿಂದ. ಗುಂಡು ಅಳುಕುತ್ತಾ ಅಳುಕುತ್ತಾ ವೃತ್ತದೊಳಗೆ ಹೋಗಿ ನಿಂತಿತು. ಸಿರಿ ಹತ್ತಿರ ಬಂದು, “ಓಕೆ. ಬಟ್ ಪ್ಲೀಸ್ ಬ್ರೀದ್ ಕ್ವಯೆಟ್ಲಿ” ಅಂದಳು. ಆಯ್ಕೆಯಾದೆ ಅಂತ ತಿಳಿದುಕೊಂಡೆ. ಹಳೆಯ ಫಾರಂನಲ್ಲಿ ಎಂಟೂ ಉತ್ತರಗಳನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ, ತಾರೀಖು ಹಾಕಿಸಿದ ಮೇಲೆ ಶಾಲೆಗೆ ಕೊಟ್ಟಳು.

ಪಂದ್ಯದ ದಿನ ನಾಲ್ಕು ಜೋಡಿ. ಉಳಿದ ಅಪ್ಪಂದಿರೆಲ್ಲ ರುಂಡಾ ಬಡಾವಣೆಯ ದೊಡ್ಡ ಮನೆಗಳವರು, ನಿಂತರೆ ಕ್ರೀಡಾ ಅಂಗಡಿಯ ಬೊಂಬೆಗಳು. ಮೂರನೇ ಸ್ಥಾನಕ್ಕೋ ಕೊನೆಯ ಸ್ಥಾನಕ್ಕೋ ಅನ್ನುವ ಆಟದಲ್ಲಿ ನಮ್ಮ ಕೊನೆಯ ಗುಂಡು ಉಳಿದಿತ್ತು. ಸಿರಿ ಎಸೆದಳು. ಸ್ವಲ್ಪ ಮೆತ್ತಗಾಯಿತು. ನಾನು ಗುಡಿಸಿಕೊಂಡು ಓಡಿದೆ. ಅರ್ಧ ದಾರಿಗೆ ತೋಳು ಸತ್ತವು, ಕಿವಿಯೊಳಗೆ ಗ್ರೈಂಡರ್ ತಿರುಗಿದ ಸದ್ದು. “ಸ್ವೀಪ್! ಸ್ವೀಪ್!” ಅಂತ ಅವಳು ಕೂಗುತ್ತಿದ್ದದ್ದು ಎಲ್ಲೋ ದೂರದಿಂದ ಕೇಳುತ್ತಿತ್ತು. ಬ್ರಷ್ ಎತ್ತಿ ನಿಂತೇಬಿಡೋಣ ಅನ್ನಿಸಿತು. ಆಗ ಆ ಇಡೀ ರಿಂಕ್‌ಗೆ, ಅವಳ ಸ್ನೇಹಿತೆಯರಿಗೆ, ಮೇಷ್ಟ್ರಿಗೆ, ರುಂಡಾದವರಿಗೆ ಎಲ್ಲರಿಗೂ ಕೇಳುವ ಹಾಗೆ ನನ್ನ ಮಗಳು ಕಿರುಚಿದಳು: “ಅಪ್ಪಾ, ಗುಡ್ಸು! ನಿಲ್ಲಿಸ್ಬೇಡ ಅಪ್ಪಾ, ಗುಡ್ಸು!”

ಗುಡಿಸಿದೆ. ಗುಂಡು ಮನೆಯ ಅಂಚಿಗೆ ತಾಗಿ ನಿಂತಿತು. ನಾನು ಅದರ ಪಕ್ಕದಲ್ಲೇ ಕೂತೆ, ಏಳಲಿಲ್ಲ. ಮೂರನೇ ಸ್ಥಾನ ಬಂತು ಅಂತ ಯಾರೋ ಹೇಳಿದರು. ನನಗೆ ಅಳು ಬಂದಿತ್ತು. ಬೆವರು ಅಂತ ಕೇಳಿದವರಿಗೆಲ್ಲ ಹೇಳಿದೆ. ಸಿರಿ ಜಾರುತ್ತಾ ಬಂದು ನನ್ನ ಕೈ ಹಿಡಿದು ಎಬ್ಬಿಸಲು ನೋಡಿದಳು, ಆಗಲಿಲ್ಲ, ತಾನೂ ಪಕ್ಕದಲ್ಲಿ ಕೂತಳು. ಅವಳ ಸ್ನೇಹಿತೆಯರು ನೋಡುತ್ತಲೇ ಇದ್ದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಹೋದ ವಾರ ಮುಂದಿನ ಟರ್ಮಿನ ಫಾರಂ ಬಂತು. ಈ ಸಲ ಸಿರಿಯೇ ತುಂಬಿಸಿದ್ದಳು. ಜೊತೆಗಾರ ಅನ್ನುವ ಜಾಗದಲ್ಲಿ ನನ್ನ ಹೆಸರು, ಅದನ್ನು ಎರಡು ಸಲ ಓದಿದೆ. ಏಳು ಪ್ರಶ್ನೆಗೆ ಪ್ರಾಮಾಣಿಕವಾಗಿ ‘ಇಲ್ಲ’. ಎಂಟನೆಯದು, ತಪ್ಪದೆ ಮಾಡುವ ವ್ಯಾಯಾಮ ಏನಾದರೂ ಇದೆಯೇ? ‘ಹೌದು, ಪ್ರತಿ ಭಾನುವಾರ ಇಡೀ ಮನೆ ಗುಡಿಸುತ್ತಾರೆ.’ ಭಾನುವಾರ ಅಟಿಯೆನೊಗೆ ರಜೆ. ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದಳು. ‘ಪರಿಶೀಲಿಸಿದವರು’ ಅನ್ನುವಲ್ಲಿ ವಸುಧಾಳ ಸಹಿ, ತಾರೀಖಿನ ಸಮೇತ, ಆಗಲೇ ಬಿದ್ದಿತ್ತು. ‘ಮಾಡಿದವರು’ ಖಾಲಿ ಇತ್ತು.

“ನಾನು ಒಂದು ಭಾನುವಾರವೂ ಗುಡಿಸಿಲ್ಲವಲ್ಲೇ” ಅಂದೆ.

“ಬರೆದಾಯ್ತಲ್ಲ ಅಪ್ಪಾ” ಅಂದಳು ಸಿರಿ, ಅಚ್ಚ ಕನ್ನಡದಲ್ಲಿ.

ಮಾಡದ ಕೆಲಸಕ್ಕೆ ಮೊದಲೇ ಸಹಿ ಬಿದ್ದ ಕಾಗದವನ್ನು ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ನಾನು ಒಮ್ಮೆಯೂ ಒಪ್ಪಿದವನಲ್ಲ. ಪೆನ್ ತೆಗೆದು ಸಹಿ ಹಾಕಿದೆ. ಅವತ್ತು ಭಾನುವಾರ. ವಸುಧಾ ಸೋಫಾ ಮೇಲೆ ಕಾಲು ಮಡಿಚಿ ಕೂತು, “ರೀ, ಮಂಚದ ಕೆಳಗಿಂದ ಶುರು ಮಾಡಿ. ಅಲ್ಲಿ ಕಸವೂ ಇದೆ” ಅಂದಳು.